ಹುಬ್ಬಳ್ಳಿ-ಧಾರವಾಡ ನಿರಂತರ ನೀರು ಸರಬರಾಜು

ಹುಬ್ಬಳ್ಳಿ-ಧಾರವಾಡ ನಿರಂತರ ನೀರು ಸರಬರಾಜು ಎಂಬುದು ಕರ್ನಾಟಕದ ಅವಳಿ ನಗರವಾದ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ಕೊಳವೆ ನೀರು ಒದಗಿಸಲು ಆರಂಭಿಸಿದ ವ್ಯವಸ್ಥೆಯಾಗಿದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಿಗೆ ಹೊಂದಿಕೊಂಡಿರುವ ಧಾರವಾಡ ಜಿಲ್ಲೆಯಲ್ಲಿ ಈ ನಗರವಿದೆ. ನಗರಸೇವೆಯ ಸುಧಾರಣೆಯು ಜನರ ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನು ಇಲ್ಲಿ ವಿವರವಾಗಿ ಅಧ್ಯಯನ ಮಾಡಲಾಗಿದೆ.

ಹಿನ್ನೆಲೆ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯು 1962ರಲ್ಲಿ ರಚನೆಯಾಯಿತು. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 9.4 ಲಕ್ಷ. ಮಲಪ್ರಭಾ ಜಲಾಶಯ ಹಾಗೂ ಕಲಘಟಗಿ ತಾಲ್ಲೂಕಿನ ನೀರಸಾಗರ ಕೆರೆ ಇಲ್ಲಿನ ಮುಖ್ಯ ಜಲಮೂಲಗಳು. ಬಹುತೇಕ ಬಡಾವಣೆಗಳಿಗೆ ಹಲವು ದಿನಗಳಿಗೊಮ್ಮೆ, ಕೆಲವೇ ಗಂಟೆಗಳ ಕಾಲ ನೀರು ಬಿಡಲಾಗುತ್ತಿತ್ತು. ನೀರು ಬರುವ ವೇಳೆಗೆ ಮನೆಯಲ್ಲಿ ಒಬ್ಬರಾದರೂ ಇದ್ದು ಕೊಡ, ಪೀಪಾಯಿ, ತೊಟ್ಟಿಗಳನ್ನು ತುಂಬಿಸಿಕೊಳ್ಳಬೇಕಾಗುತ್ತಿತ್ತು.

ಯೋಜನೆ

ವಿಶ್ವ ಬ್ಯಾಂಕಿನ ನೆರವಿನ ಕರ್ನಾಟಕ ನಗರ ನೀರು ಸರಬರಾಜು ಸುಧಾರಣಾ ಯೋಜನೆಗೆ 2004ರಲ್ಲಿ ಅನುಮೋದನೆ ದೊರೆಯಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಪ್ರದೇಶಗಳನ್ನು ಪ್ರಾಯೋಗಿಕ ವಲಯಗಳನ್ನಾಗಿ ಗುರುತಿಸಲಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಅಂದಿನ 67 ವಾರ್ಡುಗಳ ಪೈಕಿ 8 ವಾರ್ಡುಗಳು ಇದಕ್ಕೆ ಒಳಪಟ್ಟವು. ಅಲ್ಲಿ ವಿತರಣಾ ಕೊಳವೆಗಳನ್ನು ಹೊಸದಾಗಿ ಹಾಕಿ, ಮನೆಗಳ ಸಂಪರ್ಕಕ್ಕೆ ಮೀಟರ್ ಅಳವಡಿಸಲಾಯಿತು. 2007-08ರ ವೇಳೆಗೆ ನಿರಂತರ ಪೂರೈಕೆ ಆರಂಭವಾಯಿತು.

ನೀರು ಕಲುಷಿತವಾಗುವ ಬಗೆ

ಶುದ್ಧೀಕರಣ ಘಟಕದಿಂದ ಹೊರಟ ನೀರು ಶುದ್ಧವಾಗಿದ್ದರೂ ದಾರಿಯಲ್ಲಿ ಕೆಡಬಹುದು. ಪೂರೈಕೆ ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ. ಆಗ ಸುತ್ತಲಿನ ಮಣ್ಣು ಮತ್ತು ಚರಂಡಿಯ ಕೊಳೆನೀರು ಬಿರುಕು ಹಾಗೂ ಸಡಿಲ ಜೋಡಣೆಗಳ ಮೂಲಕ ಒಳನುಸುಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವ ನೀರಿನಲ್ಲಿ ಈ ಕಲ್ಮಶ ಹೆಚ್ಚಾಗಿರುತ್ತದೆ. ಕೊಳವೆಯಲ್ಲಿ ಸದಾ ಒತ್ತಡವಿದ್ದರೆ ಬಿರುಕಿನಿಂದ ನೀರು ಹೊರಗೆ ಸೋರುತ್ತದೆಯೇ ಹೊರತು ಕೊಳೆ ಸುಲಭವಾಗಿ ಒಳಸೇರುವುದಿಲ್ಲ.

ಆರೋಗ್ಯದ ಮೇಲಿನ ಪರಿಣಾಮ

ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ನಗರದಲ್ಲಿ ಬಿಟ್ಟುಬಿಟ್ಟು ನೀರು ಬರುವ ಪ್ರದೇಶಗಳ ನಲ್ಲಿಗಳಿಂದ ಸಂಗ್ರಹಿಸಿದ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ ಮಲಮಾಲಿನ್ಯದ ಸೂಚಕವಾದ ಇ. ಕೋಲೈ ಬ್ಯಾಕ್ಟೀರಿಯಾ ಕಂಡುಬಂದಿತು. ನಿರಂತರ ಪೂರೈಕೆಯ ವಲಯದಲ್ಲಿ ಈ ಪ್ರಮಾಣ ಶೇ. 0.7 ಮಾತ್ರ.

2015ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ಎರಡೂ ಬಗೆಯ ಪ್ರದೇಶಗಳ ಕುಟುಂಬಗಳನ್ನು ಹೋಲಿಸಿತು. ನಿರಂತರ ನೀರು ಪಡೆದ ಪ್ರದೇಶದಲ್ಲಿ ಟೈಫಾಯ್ಡ್ ವರದಿಯಾದ ಮನೆಗಳ ಪ್ರಮಾಣ ಶೇ. 42ರಷ್ಟು ಕಡಿಮೆಯಿತ್ತು. ಕಡಿಮೆ ಆದಾಯದ ಕುಟುಂಬಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಮಿಶ್ರಿತ ಭೇದಿ ಶೇ. 37ರಷ್ಟು ಕಡಿಮೆಯಿತ್ತು, ಹೆಚ್ಚು ಆದಾಯದ ಕುಟುಂಬಗಳಲ್ಲಿ ಇಂತಹ ಇಳಿಕೆ ಕಾಣಲಿಲ್ಲ. ಸಾಮಾನ್ಯ ಭೇದಿ, ಮಕ್ಕಳ ತೂಕ ಮತ್ತು ಶಿಶುಮರಣದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

ಮಿತಿಗಳು ಮತ್ತು ವಿಸ್ತರಣೆ

ನಿರಂತರ ನೀರು ಬಂದ ನಂತರವೂ ಅನೇಕ ಮನೆಗಳಲ್ಲಿ ನೀರನ್ನು ತುಂಬಿಟ್ಟುಕೊಳ್ಳುವ ರೂಢಿ ಮುಂದುವರಿಯಿತು. ಹೀಗೆ ಸಂಗ್ರಹಿಸಿದ ನೀರು ಪಾತ್ರೆಯಲ್ಲಿ ಮತ್ತೆ ಕಲುಷಿತವಾಗಬಲ್ಲದು. ಮುಚ್ಚಿಡದ ತೊಟ್ಟಿಗಳು ಡೆಂಗಿ ಹರಡುವ ಈಡಿಸ್ ಸೊಳ್ಳೆಗಳಿಗೂ ನೆಲೆಯಾಗುತ್ತವೆ. ಭೇದಿಯ ರೋಗಾಣುಗಳು ಕೈ, ಆಹಾರ ಮತ್ತು ಅನೈರ್ಮಲ್ಯದ ಪರಿಸರದಿಂದಲೂ ಹರಡುವುದರಿಂದ, ನೀರಿನ ಸುಧಾರಣೆಯೊಂದರಿಂದಲೇ ಅವು ಪೂರ್ಣವಾಗಿ ತಡೆಯಲ್ಪಡುವುದಿಲ್ಲ. ಮೀಟರ್ ಆಧಾರಿತ ದರ ಹಾಗೂ ನಿರ್ವಹಣೆಯಲ್ಲಿ ಖಾಸಗಿ ಸಂಸ್ಥೆಗಳ ಪಾತ್ರದ ಕುರಿತು ಸಾರ್ವಜನಿಕ ವಲಯದಲ್ಲಿ ಆಕ್ಷೇಪಗಳೂ ವ್ಯಕ್ತವಾಗಿವೆ.

ಪ್ರಾಯೋಗಿಕ ವಲಯಗಳ ಹೊರಗಿನ ವಾರ್ಡುಗಳು ಆನಂತರವೂ ಹಲವು ವರ್ಷ ಹಳೆಯ ಪದ್ಧತಿಯಲ್ಲೇ ಉಳಿದವು. ನಿರಂತರ ಪೂರೈಕೆಯನ್ನು ಇಡೀ ನಗರಕ್ಕೆ ವಿಸ್ತರಿಸುವ ಉದ್ದೇಶದ ಕರ್ನಾಟಕ ನಗರ ನೀರು ಸರಬರಾಜು ಆಧುನೀಕರಣ ಯೋಜನೆಗೆ ವಿಶ್ವ ಬ್ಯಾಂಕು 2016ರಲ್ಲಿ ಅನುಮೋದನೆ ನೀಡಿತು.