ಅಳತೆಗೆ ಸಿಗದ ಮಕ್ಕಳು

ನಿವೃತ್ತಿಯ ಬಳಿಕ ನಂದಿಕೂರಿನಲ್ಲಿ ನೆಲೆಸಿರುವ ನನಗೆ, ಬೆಳಗ್ಗೆ ಅಂಗನವಾಡಿಗೆ ಹೊರಟ ಮಕ್ಕಳನ್ನು ಕಂಡಾಗಲೆಲ್ಲ ನನ್ನದೇ ಹಳೆಯ ಸಹಿಯೊಂದು ನೆನಪಾಗುತ್ತದೆ. ಸೇವೆಯಲ್ಲಿದ್ದಾಗ ಒಂದು ಅಂಗನವಾಡಿಯ ತಪಾಸಣೆಗೆ ಹೋಗಿದ್ದೆ. ದಾಖಲೆಯಲ್ಲಿ ಎಲ್ಲ ಮಕ್ಕಳ ತೂಕ, ಎತ್ತರ ಇತ್ತು. ಮೂರು ವರ್ಷದ ಹುಡುಗನೊಬ್ಬನ ಹೆಸರಿನ ಮುಂದೆ ಮಾತ್ರ ಅಡ್ಡಗೀಟು. ‘ಅವನಿಗೆ ನಿಲ್ಲಲು ಬರುವುದಿಲ್ಲ ಸರ್, ಹೇಗೆ ಅಳೆಯುವುದು?’ ಎಂದರು ಕಾರ್ಯಕರ್ತೆ. ಉತ್ತರ ನನಗೂ ತಿಳಿದಿರಲಿಲ್ಲ. ಸಹಿ ಹಾಕಿ ಹೊರಟೆ.

ಆ ಹುಡುಗನಿಗಿದ್ದುದು ಸೆರೆಬ್ರಲ್ ಪಾಲ್ಸಿ. ಬೆಳೆಯುತ್ತಿರುವ ಮಿದುಳಿಗೆ ಹೆರಿಗೆಗೆ ಮುನ್ನವೋ, ಹೆರಿಗೆಯ ವೇಳೆಯೋ, ಹುಟ್ಟಿದ ಕೆಲಕಾಲದಲ್ಲೋ ಆಗುವ ಹಾನಿಯಿಂದ ಚಲನೆಯ ಹತೋಟಿ ತಪ್ಪುವ ಸ್ಥಿತಿ ಇದು. ಇಂಥ ಹಲವು ಮಕ್ಕಳಿಗೆ ಅಗಿಯುವುದು, ನುಂಗುವುದು ಕಷ್ಟ. ತಾಯಿ ಗಂಜಿತಿಳಿ ಕುಡಿಸುತ್ತಾಳೆ; ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ‘ಈ ಮಕ್ಕಳು ಇರುವುದೇ ಹೀಗೆ’ ಎಂಬ ಸಮಾಧಾನದಲ್ಲಿ ಅಪೌಷ್ಟಿಕತೆ ಮರೆಯಾಗಿಬಿಡುತ್ತದೆ.

ನಿಲ್ಲಲಾಗದ ಮಗುವನ್ನೂ ಅಳೆಯಬಹುದು. ತಾಯಿ ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಅವಳೊಬ್ಬಳ ತೂಕ ಕಳೆದರಾಯಿತು. ಎತ್ತರ ಅಂದಾಜಿಸಲು ಹಿಮ್ಮಡಿಯಿಂದ ಮಡಿಸಿದ ಮೊಣಕಾಲಿನ ಮೇಲ್ಭಾಗದವರೆಗಿನ ಅಳತೆ ಸಾಕು. 12 ವರ್ಷದೊಳಗಿನ ಇಂಥ ಮಕ್ಕಳಿಗಾಗಿ 1995ರಲ್ಲಿ ಸ್ಟೀವನ್‌ಸನ್ ಎಂಬ ತಜ್ಞರು ಕೊಟ್ಟ ಸೂತ್ರದಂತೆ ಅದನ್ನು 2.69ರಿಂದ ಗುಣಿಸಿ 24.2 ಕೂಡಿಸಬೇಕು. ಮೊಣಕಾಲಿನ ಅಳತೆ 26 ಸೆಂ.ಮೀ. ಇದ್ದರೆ ಮಗುವಿನ ಎತ್ತರ ಸುಮಾರು 94 ಸೆಂ.ಮೀ.

ಆದರೆ ತೂಕ, ಎತ್ತರಗಳೇ ಎಲ್ಲವನ್ನೂ ಹೇಳವು. ಸರಾಸರಿ ವರಮಾನ ಬಡತನವನ್ನು ಮರೆಮಾಚುವುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಗೊತ್ತು, ತೂಕವೂ ಹಾಗೆಯೇ. ಬಳಕೆಯಿಲ್ಲದ ಸ್ನಾಯು ಸೊರಗಿ ಕೊಬ್ಬು ಸೇರಿದ್ದರೂ ಯಂತ್ರ ‘ಸರಿಯಾದ’ ಅಂಕಿಯನ್ನೇ ತೋರಿಸೀತು. ಓಡಾಡದ ಮಗುವಿಗೆ ಬೇಕಾದ ಶಕ್ತಿಯೂ ಕಡಿಮೆ; ಲೆಕ್ಕವಿಲ್ಲದೆ ಉಣಿಸಿದರೆ ಬೆಳೆಯುವುದು ಕೊಬ್ಬು, ಎತ್ತಿ ನಡೆಯುವ ತಾಯಿಯ ಬೆನ್ನಿಗೂ ಅದು ಭಾರ. ಆದ್ದರಿಂದಲೇ ಯುರೋಪಿನ ಶಿಶು ಜೀರ್ಣಾಂಗ ಮತ್ತು ಪೋಷಣೆ ತಜ್ಞರ ಸಂಘವು 2017ರ ಮಾರ್ಗಸೂಚಿಯಲ್ಲಿ, ತೂಕ, ಎತ್ತರಗಳಷ್ಟನ್ನೇ ನಂಬದೆ ಚರ್ಮದ ಮಡಿಕೆಯ ದಪ್ಪ ಅಳೆದು ಮೈಯ ಕೊಬ್ಬನ್ನೂ ಅಂದಾಜಿಸಬೇಕೆಂದು ಹೇಳಿದೆ. ತೋಳಿನ ಹಿಂಬದಿಯಲ್ಲಿ ಕ್ಯಾಲಿಪರ್ ಹಿಡಿದರೆ ಅದು ತಿಳಿಯುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ. 1953ರಿಂದ ವೈದ್ಯಕೀಯ ಕಾಲೇಜು ಇರುವ ಮಣಿಪಾಲ ನಮ್ಮ ಜಿಲ್ಲೆಯಲ್ಲೇ ಇದೆ. ಕಾನೂನು, ಜ್ಞಾನ ಎರಡೂ ಇರುವಾಗ ಅವನ್ನು ಅಂಗನವಾಡಿಯ ಹೊಸ್ತಿಲಿಗೆ ತಲುಪಿಸುವ ಕೊಂಡಿ ಬೇಕು. ತಂಡದ ಚೀಲದಲ್ಲಿ ಒಂದು ಟೇಪು, ಒಂದು ಕ್ಯಾಲಿಪರ್. ಕಾರ್ಯಕರ್ತೆಗೆ ಒಂದಿಷ್ಟು ತರಬೇತಿ. ಮಗು ನುಂಗಬಲ್ಲ, ಮೈಗೂ ಹತ್ತುವ ಊಟದ ಬಗ್ಗೆ ತಾಯಿಗೆ ತಜ್ಞರ ಸಲಹೆ. ಇದಕ್ಕೆ ಭಾರೀ ಅನುದಾನವೇನೂ ಬೇಕಿಲ್ಲ.

ತಪಾಸಣೆಗೆ ಹೋಗುವ ಇಂದಿನ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೆ: ಅಂಥ ಅಡ್ಡಗೀಟು ಕಂಡರೆ ಸಹಿ ಹಾಕುವ ಮುನ್ನ ಆ ಮಗುವಿನ ಮನೆಗೆ ಹೋಗಿ ಬನ್ನಿ. ನಾನು ಹೋಗಲಿಲ್ಲ.