ತೊಗಲಿನ ನೇಯ್ಗೆಯೂ ಹಿಗ್ಗಿನ ಗೆರೆಗಳೂ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದವರಿಗೆ ಮಗ್ಗದ ಸದ್ದು ಕೇಳದಿರದು. ಅಲ್ಲಿಯ ನೇಕಾರನು ಬಟ್ಟೆಯ ಗುಣವನ್ನು ಕೈಯಿಂದಲೇ ಅರಿಯಬಲ್ಲನು. ಬಟ್ಟೆಯನ್ನು ಮೆಲ್ಲನೆ ಎಳೆದು ಬಿಟ್ಟರೆ ಅದು ಮೊದಲಿನಂತಾಗುತ್ತದೆ. ಮಿತಿಮೀರಿ ಎಳೆದರೆ ಎಳೆಗಳು ಸರಿದು ನಡುವೆ ಜಾಳಾದ ಪಟ್ಟಿಯೊಂದು ಉಳಿಯುತ್ತದೆ. ಬಟ್ಟೆ ಹರಿದಿಲ್ಲ, ಆದರೆ ನೇಯ್ಗೆ ಕೆಟ್ಟಿದೆ. ನಮ್ಮ ಚರ್ಮದ ಮೇಲೆ ಮೂಡುವ ಒಂದು ಬಗೆಯ ಗೆರೆಗಳ ವೃತ್ತಾಂತವೂ ಬಹುಮಟ್ಟಿಗೆ ಇದೇ ಆಗಿದೆ.

ಬಾಣಂತಿಯ ಹೊಟ್ಟೆಯ ಮೇಲೆ, ಬೇಗಬೇಗನೆ ಎತ್ತರ ಬೆಳೆದ ಹುಡುಗನ ಬೆನ್ನಿನ ಮೇಲೆ, ಮೈತುಂಬಿಕೊಂಡ ಹುಡುಗಿಯ ತೊಡೆಯ ಮೇಲೆ, ಗರಡಿಮನೆಯಲ್ಲಿ ಸಾಮು ಮಾಡುವ ಪೈಲವಾನನ ತೋಳು-ಹೆಗಲುಗಳ ಸಂದಿನಲ್ಲಿ ಈ ಗೆರೆಗಳನ್ನು ಕಾಣಬಹುದು. ‘ಸ್ಟ್ರೆಚ್ ಮಾರ್ಕ್’ ಎಂಬುದು ಇವಕ್ಕೆ ಬಳಕೆಯಲ್ಲಿರುವ ಹೆಸರು. ನಾವು ಇಲ್ಲಿ ಹಿಗ್ಗುಗೆರೆ ಎಂದು ಕರೆಯೋಣ.

ಕೆಲವು ಕಾಲದ ಹಿಂದೆ ಬೀಳಗಿ ಕಡೆಯ ವಿದ್ಯಾರ್ಥಿಯೊಬ್ಬನು ತರಗತಿ ಮುಗಿದ ಮೇಲೆ ನಮ್ಮ ಬಳಿಗೆ ಬಂದು, ಬಹಳ ಸಂಕೋಚದಿಂದ ತನ್ನ ತೊಡೆಯ ಸಂದಿನ ಗೆರೆಗಳ ಸಂಗತಿಯನ್ನು ತಿಳಿಸಿದನು. ಗಜಕರ್ಣದ ತುರಿಕೆಗೆಂದು ಔಷಧದ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದ್ದನಂತೆ. “ಇವು ಹೋಗ್ತಾವೇನ್ರಿ, ಸರ್?” ಎಂಬುದು ಅವನ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಚರ್ಮದ ರಚನೆಯನ್ನು ಸ್ವಲ್ಪ ನೋಡಬೇಕು.

ಎರಡು ಬಗೆಯ ಎಳೆಗಳು

ನಾವು ಕಣ್ಣಿಂದ ಕಾಣುವುದು ಹೊರಚರ್ಮವನ್ನು ಮಾತ್ರ. ಅದರ ಕೆಳಗಿನ ಒಳಚರ್ಮವೇ ನಿಜವಾದ ನೇಯ್ಗೆ. ಅದರಲ್ಲಿ ಎಲಾಸ್ಟಿನ್ ಎಂಬ ರಬ್ಬರಿನಂತಹ ಎಳೆಗಳೂ ಕೊಲಾಜೆನ್ ಎಂಬ ಗಟ್ಟಿ ಎಳೆಗಳೂ ಹೆಣೆದುಕೊಂಡಿವೆ. ಚರ್ಮವನ್ನು ಎಳೆದಾಗ ಮೊದಲು ಅದು ಸುಲಭವಾಗಿ ಹಿಗ್ಗುತ್ತದೆ. ಅಲೆಅಲೆಯಾಗಿದ್ದ ಕೊಲಾಜೆನ್ ಎಳೆಗಳು ನೆಟ್ಟಗಾದ ಮೇಲೆ ಬಿಗಿ ಏರುತ್ತದೆ. ವಸ್ತುವಿನ ಹಿಗ್ಗು ಎಳೆತಕ್ಕೆ ಅನುಗುಣವಾಗಿರುತ್ತದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಆದರೆ ಸ್ಥಿತಿಸ್ಥಾಪಕತೆಗೆ ಒಂದು ಮಿತಿಯುಂಟು. ಆ ಮಿತಿಯಾಚೆಗೆ ಒಳಗಿನ ಎಳೆಗಳು ತುಂಡಾಗಿ ಚದುರುತ್ತವೆ, ಹೊರಚರ್ಮವು ತೆಳ್ಳಗಾದರೂ ಹರಿಯದು. ಮೊದಲಲ್ಲಿ ಕೆಳಗಿನ ರಕ್ತನಾಳಗಳು ತೋರಿ ಗೆರೆ ಕೆಂಪಾಗಿ ಅಥವಾ ನೇರಳೆಯಾಗಿ ಕಾಣುತ್ತದೆ. ತಿಂಗಳುಗಳು ಕಳೆದಂತೆ ಬೆಳ್ಳಗೆ ಹೊಳೆಯುವ ಕಲೆಯಾಗುತ್ತದೆ.

ಗೆರೆಗಳು ಸಾಮಾನ್ಯವಾಗಿ ಎಳೆತಕ್ಕೆ ಅಡ್ಡಲಾಗಿ ಬೀಳುತ್ತವೆ. ಆದುದರಿಂದಲೇ ಎತ್ತರ ಬೆಳೆಯುವ ಹುಡುಗನ ಬೆನ್ನಿನ ಮೇಲೆ ಅವು ಮೆಟ್ಟಿಲುಗಳಂತೆ ಅಡ್ಡಡ್ಡವಾಗಿರುತ್ತವೆ. ಯಾರೋ ಬೆತ್ತದಿಂದ ಹೊಡೆದಿರಬೇಕೆಂದು ನೋಡಿದವರು ಸಂದೇಹಪಡುವುದೂ ಉಂಟು!

ಎಳೆತವೊಂದೇ ಕಾರಣವೇ? ಅಲ್ಲ. ಸಮನಾಗಿ ಹಿಗ್ಗಿದ ಎರಡು ಹೊಟ್ಟೆಗಳಲ್ಲಿ ಒಂದರ ಮೇಲೆ ಗೆರೆ ಬಿದ್ದು ಇನ್ನೊಂದರ ಮೇಲೆ ಬೀಳದಿರಬಹುದು. ನೂಲಿನ ಗಟ್ಟಿತನವು ವಂಶದಿಂದಲೂ ದೇಹದ ಹಾರ್ಮೋನುಗಳಿಂದಲೂ ನಿರ್ಧಾರವಾಗುತ್ತದೆ. ಕಾರ್ಟಿಸೋಲ್ ಎಂಬ ಹಾರ್ಮೋನು ಹೆಚ್ಚಾದರೆ ಕೊಲಾಜೆನ್ ತಯಾರಿಕೆ ಕುಗ್ಗಿ ನೇಯ್ಗೆ ದುರ್ಬಲವಾಗುತ್ತದೆ. ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ದುಂಡಗೆ ಉಬ್ಬಿದ ಮುಖ, ಸ್ನಾಯುಗಳ ನಿಶ್ಶಕ್ತಿ, ಏರಿದ ರಕ್ತದೊತ್ತಡ – ಇವು ಒಟ್ಟಿಗೆ ಕಂಡರೆ ವೈದ್ಯರನ್ನು ಕಾಣಲೇಬೇಕು.

ತಡೆಯಬಹುದೇ?

ಬಸುರಿಯು ಹೊಟ್ಟೆಯನ್ನು ಕೆರೆದುಕೊಂಡರೆ ಗೆರೆ ಬೀಳುತ್ತದೆಂಬ ನಂಬಿಕೆ ನಮ್ಮಲ್ಲಿ ಬಹಳವಾಗಿದೆ. ಇದು ಸರಿಯಲ್ಲ, ಗೆರೆ ಹುಟ್ಟುವುದು ಉಗುರು ಮುಟ್ಟದ ಆಳದಲ್ಲಿ. ಎಣ್ಣೆ ಮತ್ತು ಲೇಪಗಳ ಮಾತೇನು? ಬಸುರಿಯರ ಮೇಲೆ ನಡೆದ 6 ಪ್ರಯೋಗಗಳನ್ನು 2012ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿದ್ದವರು 800 ಮಂದಿ ಸ್ತ್ರೀಯರು. ಲೇಪಗಳಿಂದ ಗೆರೆ ತಡೆಯುತ್ತದೆಂಬುದಕ್ಕೆ ದೃಢವಾದ ಪ್ರಮಾಣ ದೊರೆಯಲಿಲ್ಲ. ಕೊಬ್ಬರಿ ಎಣ್ಣೆಯು ಒಣಗಿದ ಚರ್ಮಕ್ಕೆ ಹಿತ, ಹಚ್ಚಲಿ. ಆದರೆ ಗೆರೆ ಬಿತ್ತೆಂದು ಸೊಸೆಯ ಅಜಾಗ್ರತೆಯನ್ನು ದೂರುವುದು ನ್ಯಾಯವಲ್ಲ. ತೂಕವು ಒಮ್ಮೆಲೇ ಏರದಂತೆ ನೋಡಿಕೊಳ್ಳುವುದು ಒಳ್ಳೆಯದಾದರೂ, ಬಸುರಿಯು ಗೆರೆಗೆ ಅಂಜಿ ಊಟ ಬಿಡಬಾರದು. ಅಂಗೈ ಅಂಗಾಲುಗಳಲ್ಲಿ ತೀವ್ರ ತುರಿಕೆ ಕಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ಹೇಳಬೇಕು. ಅದು ಯಕೃತ್ತಿನ ತೊಂದರೆಯ ಸೂಚನೆಯಾಗಿರಬಹುದು.

ಖಂಡಿತವಾಗಿ ತಡೆಯಬಹುದಾದ ಗೆರೆ ಒಂದಿದೆ. ಅದೇ ನಮ್ಮ ವಿದ್ಯಾರ್ಥಿಯದು. ಬೀಟಾಮೆಥಸೋನ್, ಕ್ಲೋಬೆಟಸಾಲ್ ಮೊದಲಾದ ಸ್ಟೀರಾಯ್ಡ್‌ಗಳು ಕಾರ್ಟಿಸೋಲಿನ ಬಂಧುಗಳೇ. ಗಜಕರ್ಣಕ್ಕೆ ಹಚ್ಚಿದರೆ ತುರಿಕೆ ತತ್ಕಾಲಕ್ಕೆ ತಗ್ಗುತ್ತದೆ, ಶಿಲೀಂಧ್ರವು ಒಳಗೊಳಗೇ ಹರಡುತ್ತದೆ, ಚರ್ಮವು ತೆಳ್ಳಗಾಗಿ ಗೆರೆ ಬಿಡುತ್ತದೆ. ಮುಖ ಬೆಳ್ಳಗಾಗಲೆಂದು ಇವನ್ನು ಬಳಸುವವರೂ ಇದ್ದಾರೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಭಾರತ ಸರ್ಕಾರವು 2018ರಲ್ಲಿ ನಿಯಮ ಮಾಡಿದೆ. ಕೊಳ್ಳುವವರೂ ಕೊಳವೆಯ ಮೇಲಿನ ಹೆಸರನ್ನು ಓದಬೇಕು.

ಚಿಕಿತ್ಸೆಯ ಮಿತಿ

ಹೊಸ ಕೆಂಪು ಗೆರೆಗಳಿಗೆ ಟ್ರೆಟಿನಾಯಿನ್ ಲೇಪದಿಂದ ಕೊಂಚ ಗುಣ ಕಾಣಬಹುದು. ಬಸುರಿಯರಿಗೆ ಇದು ವರ್ಜ್ಯ. 585 ನ್ಯಾನೊಮೀಟರ್ ತರಂಗದೂರದ ಲೇಸರ್ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುವುದರಿಂದ ಗೆರೆಯ ಕೆಂಪು ಕಡಿಮೆಯಾಗುತ್ತದೆ. ಆದರೆ ಆ ಬೆಳಕನ್ನು ನಮ್ಮ ಕಂದು ಚರ್ಮದ ಮೆಲನಿನ್ ಕೂಡ ಹೀರುತ್ತದೆ. ಕಪ್ಪು ಕಲೆ ಬೀಳುವ ಅಪಾಯವುಂಟು. ಹಳೆಯ ಬಿಳಿ ಗೆರೆಗಳಿಗೆ ಬೇರೆ ಬಗೆಯ ಲೇಸರ್‌ಗಳನ್ನೂ ಸಣ್ಣ ಸೂಜಿಗಳ ವಿಧಾನವನ್ನೂ ಚರ್ಮತಜ್ಞರು ಬಳಸುತ್ತಾರೆ. ಇವು ಹೊಸ ಕೊಲಾಜೆನ್ ಹುಟ್ಟುವಂತೆ ಪ್ರಚೋದಿಸುತ್ತವೆ. ಗೆರೆ ಮಂಕಾಗಬಹುದು, ಪೂರ್ತಿಯಾಗಿ ಅಳಿಯದು.

ಆ ವಿದ್ಯಾರ್ಥಿಗೆ ನಾವು ಹೇಳಿದ್ದೂ ಇಷ್ಟೇ: “ಮುಲಾಮನ್ನು ಇನ್ನು ನೀನಾಗಿಯೇ ಹಚ್ಚಬೇಡ, ಚರ್ಮದ ವೈದ್ಯರಿಗೆ ತೋರಿಸು. ಗಜಕರ್ಣ ವಾಸಿಯಾಗುತ್ತದೆ. ಗೆರೆಗಳ ಬಣ್ಣ ಮಾಸುತ್ತದೆ, ಗುರುತು ಉಳಿಯುತ್ತದೆ.” ತಾಯಿಯ ಹೊಟ್ಟೆಯ ಮೇಲಿನ ಗೆರೆ, ಬೆಳೆದ ಮಗನ ಬೆನ್ನಿನ ಗೆರೆ – ಇವು ರೋಗವಲ್ಲ, ನಾಚಬೇಕಾದ್ದೂ ಇಲ್ಲ. ಮುಲಾಮಿನಿಂದ ಬರುವ ಗೆರೆ ಮಾತ್ರ ಬಾರದಂತೆ ಕಾಯುವುದು ನಮ್ಮ ಕೈಯಲ್ಲಿದೆ.