ಮರದ ಬಣ್ಣ ನಂಬಬಹುದೇ?

ಒಂದು ಮಂಚದ ಕತೆಯಿಂದ ಶುರು ಮಾಡೋಣ.

ನಮ್ಮ ಸಂಘದ ಒಬ್ಬಾಕೆಯ ಮಗಳಿಗೆ ಮದುವೆ ಗೊತ್ತಾಗಿತ್ತು. ಮಂಚ ಬೇಕಿತ್ತು. ನಾವು ನಾಲ್ವರು ಸೇರಿ ಪೇಟೆಗೆ ಹೋದೆವು. ಅಂಗಡಿಯವನು ಒಂದು ಮಂಚ ತೋರಿಸಿದ. ಒಳ್ಳೇ ಕಂದು ಬಣ್ಣ. ಥಳಥಳ ಹೊಳೆಯುತ್ತಿತ್ತು.

"ತೇಗ ಅಕ್ಕಾ, ತೇಗ. ಬಣ್ಣ ನೋಡಿ ಬೇಕಾದ್ರೆ" ಅಂದ.

ನಾವು ಬಣ್ಣ ನೋಡಿದೆವು. ಚೀಟಿಯ ದುಡ್ಡು ಎಣಿಸಿ ಕೊಟ್ಟೆವು.

ಒಂದು ಮಳೆಗಾಲ ಕಳೆಯಿತು. ಮಂಚದ ಕಾಲಿನ ಕೆಳಗೆ ಹಿಟ್ಟು ಬೀಳತೊಡಗಿತು. ಹುಳು ಕೊರೆದ ಹಿಟ್ಟು. ಕಾಲನ್ನು ಚಾಕುವಿನಿಂದ ಕೆರೆದು ನೋಡಿದರೆ ಒಳಗೆ ಮರ ಬೆಳ್ಳಗಿದೆ! ಕಂದು ಬಣ್ಣ ಇದ್ದದ್ದು ಮೇಲಿನ ಪದರದಲ್ಲಿ ಮಾತ್ರ.

ಹಾಗಾದರೆ ಮರಕ್ಕೆ ಆ ಬಣ್ಣ ಎಲ್ಲಿಂದ ಬಂತು? ನಮ್ಮೂರ ಆಚಾರ್ರನ್ನು ಕೇಳಿದೆವು. ಅವರು ಬಾಯಲ್ಲಿ ಹೇಳಲಿಲ್ಲ. ಹತ್ತಿರಿ ಹೊಡೆದ ಒಂದು ಹಲಗೆ ತಂದರು. ಅದರ ಮೇಲೆ ನಾಲ್ಕು ಹನಿ ನೀರು ಹಾಕಿದರು. ನೀರು ಬಿದ್ದ ಕಡೆ ಮರ ಕಪ್ಪಾಯಿತು. ಮರದ ಗೆರೆಗಳು ಎದ್ದು ಕಂಡವು.

"ವಾರ್ನಿಶ್ ಹೊಡೆದ್ರೂ ಹಿಂಗೇ ಕಾಣೋದು" ಅಂದರು.

ನಮಗಿದು ಹೊಸದೇನಲ್ಲ. ಸೀರೆ ನೆನೆದರೆ ಬಣ್ಣ ಗಾಢವಾಗುತ್ತದೆ. ನೆಲಕ್ಕೆ ನೀರು ಚಿಮುಕಿಸಿದರೆ ಮಣ್ಣು ಕಪ್ಪಗೆ ಕಾಣುತ್ತದೆ. ಒಣ ಮರದ ತುಂಬ ಸಣ್ಣ ಸಣ್ಣ ತೂತುಗಳಿವೆ. ಅವುಗಳಲ್ಲಿ ಗಾಳಿ ಇರುತ್ತದೆ. ಬೆಳಕು ಅಲ್ಲಿ ಚೆದುರಿ ವಾಪಸು ಬರುತ್ತದೆ. ಅದಕ್ಕೇ ಮರ ಮಂಕಾಗಿ, ಬೆಳ್ಳಗೆ ಕಾಣುತ್ತದೆ. ತೂತಿಗೆ ನೀರೋ ವಾರ್ನಿಶ್ಶೋ ತುಂಬಿದರೆ ಬೆಳಕು ಅಷ್ಟು ಚೆದುರುವುದಿಲ್ಲ, ಮರದ ಒಳಕ್ಕೆ ಇಳಿಯುತ್ತದೆ. ಆಗ ಬಣ್ಣ ಗಾಢವಾಗುತ್ತದೆ. ನೀರು ಆರಿ ಹೋಗುತ್ತದೆ, ವಾರ್ನಿಶ್ ಒಣಗಿ ಅಲ್ಲೇ ಉಳಿಯುತ್ತದೆ. ಅಷ್ಟೇ ವ್ಯತ್ಯಾಸ.

ಇಷ್ಟರಲ್ಲಿ ಮೋಸ ಏನೂ ಇಲ್ಲ. ಮೋಸ ಇರುವುದು ಬೇರೆ ಕಡೆ. ವಾರ್ನಿಶ್‌ಗೆ ಮೊದಲು ಮರಕ್ಕೆ ಕಂದು ಬಣ್ಣ ಬಳಿಯುತ್ತಾರೆ. ಬಿಳಿ ಮರವೂ ತೇಗದಂತೆ ಕಾಣುತ್ತದೆ. ತೇಗದಲ್ಲೂ ಒಂದು ಮಾತಿದೆ. ತೇಗದ ನಡುವಿನ ಭಾಗ ಚೇಗು. ಅದು ಹೊಂಬಣ್ಣ ಬೆರೆತ ಕಂದು. ಹುಳು ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ. ತೊಗಟೆಯ ಪಕ್ಕದ ಭಾಗ ಬಿಳಿ. ಅದನ್ನು ಹುಳು ತಿನ್ನುತ್ತದೆ. ಅದಕ್ಕೂ ಬಣ್ಣ ಬಳಿದು ಚೇಗು ಅಂತ ಮಾರುವವರಿದ್ದಾರೆ.

ಬಣ್ಣ ಬಳಿಯದೆ ಮರವನ್ನು ಕಂದು ಮಾಡಬಹುದೇ? ಮಾಡಬಹುದು. ಬೆಂಕಿಯ ಶಾಖ ಆ ಕೆಲಸ ಮಾಡುತ್ತದೆ. ಹಂಚಿನ ಮೇಲೆ ರೊಟ್ಟಿ ಕೆಂಪಗಾಗುವುದಿಲ್ಲವೇ? ಕಬ್ಬಿನ ಹಾಲು ಕಾದು ಬೆಲ್ಲವಾಗುವಾಗ ಕಂದಾಗುವುದಿಲ್ಲವೇ? ಮರದಲ್ಲೂ ಸಕ್ಕರೆಯ ಜಾತಿಗೆ ಸೇರಿದ ಪದಾರ್ಥಗಳಿವೆ. ಕಾಯಿಸಿದರೆ ಅವು ಒಡೆದು ಕಂದಾಗುತ್ತವೆ. ಫಿನ್ಲೆಂಡ್ ಎಂಬ ಚಳಿ ದೇಶದಲ್ಲಿ 1990ರ ದಶಕದಲ್ಲಿ ಇದನ್ನೇ ದೊಡ್ಡದಾಗಿ ಮಾಡತೊಡಗಿದರು. ಬಿಳಿ ಪೈನ್ ಮರವನ್ನು ದೊಡ್ಡ ಒಲೆಯಲ್ಲಿಟ್ಟು ಸುಮಾರು 190ರಿಂದ 212 ಡಿಗ್ರಿವರೆಗೆ ಕಾಯಿಸುತ್ತಾರೆ. ನೀರು ಕುದಿಯುವುದು 100 ಡಿಗ್ರಿಗೆ. ಅದರ ಎರಡರಷ್ಟು ಶಾಖ! ಮರ ಹೊತ್ತಿಕೊಳ್ಳಬಾರದಲ್ಲ, ಅದಕ್ಕೆ ಒಲೆಯೊಳಗೆ ಹಬೆ ತುಂಬುತ್ತಾರೆ. ಈ ಮರ ಒಳಗೂ ಹೊರಗೂ ಒಂದೇ ಕಂದು. ಬೇಗ ಕೊಳೆಯುವುದಿಲ್ಲ. ನೀರು ಕಡಿಮೆ ಹೀರುತ್ತದೆ. ಆದರೆ ಮೊದಲಿನಷ್ಟು ಗಟ್ಟಿ ಇರುವುದಿಲ್ಲ. ಬಿಸಿಲಲ್ಲಿ ಹಾಗೇ ಬಿಟ್ಟರೆ ಬೂದು ಬಣ್ಣಕ್ಕೆ ತಿರುಗುತ್ತದೆ.

ನಮ್ಮ ಚನ್ನಪಟ್ಟಣದ ಬೊಂಬೆಯಲ್ಲೂ ಶಾಖದ ಕೆಲಸ ಇದೆ. ಅದನ್ನು ನೋಡುವುದೇ ಚೆಂದ. ಬಿಳಿಯ ಹಾಲೆ ಮರದ ತುಂಡು ಯಂತ್ರದಲ್ಲಿ ಗಿರಗಿರ ತಿರುಗುತ್ತದೆ. ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಬೆಂಕಿ ಇಲ್ಲ, ಕುಂಚ ಇಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅರಗು ಮುತ್ತುಗ, ಬೋರೆಯಂಥ ಮರಗಳ ಮೇಲೆ ಒಂದು ಸಣ್ಣ ಹುಳು ಮಾಡುವ ಅಂಟು. ಅದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಪೀಠೋಪಕರಣಕ್ಕೂ ಹಚ್ಚುತ್ತಾರೆ. ಅಂಥ ಮೇಜಿನ ಮೇಲೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಕಲೆ ಬೀಳುತ್ತದೆ.

ಮನೆಯಲ್ಲೇ ಬಾಗಿಲಿಗೆ ಅಗಸೆ ಎಣ್ಣೆ ಒರೆಸುವವರಿದ್ದಾರೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಮುದ್ದೆಯೊಳಗೆ ಬಿಸಿ ಸೇರಿ ಸೇರಿ, ಯಾರೂ ಕಡ್ಡಿ ಗೀರದೆ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ನೀರಲ್ಲಿ ನೆನೆಸಿ, ಅಂಗಳದಲ್ಲಿ ಬಿಡಿಸಿ ಹರವಿ.

ಮಂಚ ಏನಾಯಿತು ಅಂತೀರಾ? ಅಂಗಡಿಗೆ ಹೋದೆವು. "ತೇಗ ಅಂತ ಎಲ್ಲಿ ಹೇಳಿದ್ದೆ? ಬಿಲ್ ತೋರಿಸಿ" ಅಂದ. ಬಿಲ್ ತೆಗೆದೆವು. "ಮರದ ಮಂಚ 1" ಅಂತ ಇತ್ತು. ಕೊಂಡ ದಿನ ನಮ್ಮಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ.

ಈ ಸಲ ಎರಡನೇ ಮಗಳ ಮದುವೆ. ಮಂಚವನ್ನು ಮಗುಚಿ, ಬಣ್ಣ ತಾಗದ ಅಡಿಭಾಗ ನೋಡಿದೆವು. ಕಾಲಿನ ಕೆಳತುದಿಯನ್ನು ಕೆರೆಸಿದೆವು. ಬಿಲ್ಲಿನಲ್ಲಿ "ತೇಗದ ಚೇಗು" ಅಂತ ಬರೆಸಿದೆವು. ಆಕೆ ಅದನ್ನು ಅಂಗಡಿಯಲ್ಲೇ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅಂಗಡಿಯವನು ಕಾಯುತ್ತಾ ನಿಂತಿದ್ದ.